ಬುಧವಾರದ ಬ್ಲೂ ಸ್ಕ್ರೀನ್‌ಗೆ ಒಂದು ಹರಕೆ ಕುರಿ

"ಸರ್ವಿಸಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ಡಿಸೇಬಲ್ ಮಾಡಿಬಿಡ್ರಿ, ಆಮೇಲೆ ತಲೆನೋವೇ ಇಲ್ಲ." ಅಪ್‌ಡೇಟ್ ಮೆಷಿನ್ ಕೆಡಿಸುತ್ತೆ ಏನು ಮಾಡಲಿ ಅಂತ, ಅಂಗಡಿ ಕಂಪ್ಯೂಟರ್ ನೋಡಿಕೊಳ್ಳೋ ಈ ಕಸುಬಿನ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ಕೊಡೋ ಮದ್ದು ಇದೇ. ಸುಮಾರು ಎರಡು ವರ್ಷ ನಾನೂ ಇದನ್ನೇ ಕುಡಿಸಿದೆ. ಡಿಸೇಬಲ್ ಮಾಡಿದ ಸರ್ವಿಸನ್ನು (ತೆರೆಮರೆಯಲ್ಲಿ ಓಡೋ ಪ್ರೋಗ್ರಾಮನ್ನು) ವಾಸ್‌ಮೆಡಿಕ್ ಅನ್ನೋ ಇನ್ನೊಂದು ಸರ್ವಿಸ್ ತಾನಾಗಿ ಎಬ್ಬಿಸುತ್ತೆ. ಅದನ್ನೂ ಕಟ್ಟಿಹಾಕಿದರೆ ಸ್ಟೋರ್ ಆ್ಯಪ್ ಇಳಿಯಲ್ಲ, ವೈರಸ್ ಹಿಡಿಯೋ ಡಿಫೆಂಡರ್ ವಾರಗಟ್ಟಲೆ ಹಳೇ ವೈರಸ್ ಪಟ್ಟಿ ಇಟ್ಟುಕೊಂಡು ಕೂರುತ್ತೆ. ಎಂಟು ತಿಂಗಳು ತಡೆದ ಮೆಷಿನ್ ಒಂದು ದಿನ ಕಟ್ಟು ಬಿಚ್ಚಿಕೊಂಡು, ಸಾಲು ನಿಂತ ಗಿರಾಕಿಗಳ ಮುಂದೆ ನಾಲ್ಕು ಗಂಟೆ 'ದಯವಿಟ್ಟು ಆಫ್ ಮಾಡಬೇಡಿ' ಅಂತ ಸುತ್ತುತ್ತಾ ಕೂತರೆ ಉಳಿಸಿದ್ದೆಲ್ಲ ಅಲ್ಲೇ ಹೋಯಿತು.

ಈಗ ನಡೆಸುತ್ತಿರೋ ಪದ್ಧತಿಗೆ ಒಂದೂವರೆ ವರ್ಷ ಆಯಿತು. ಒಟ್ಟು 14 ಮೆಷಿನ್: ಕೆಳಗೆ ಡಿಟಿಪಿ ಮತ್ತು ಜೆರಾಕ್ಸ್, ಪಕ್ಕದಲ್ಲಿ ಆನ್‌ಲೈನ್ ಅರ್ಜಿ ಸೆಂಟರ್, ಮಹಡಿ ಮೇಲೆ ಟ್ಯಾಕ್ಸ್ ಆಫೀಸು. ಒಂಬತ್ತು ವಿಂಡೋಸ್ 11 ಪ್ರೊ, ಮೂರು ಹೋಮ್, ಎರಡು ವಿಂಡೋಸ್ 10. ಅಪ್‌ಡೇಟ್ ದೆಸೆಯಿಂದ ಅಂಗಡಿ ನಿಂತಿದ್ದು ಇಷ್ಟೂ ದಿನದಲ್ಲಿ ಅರ್ಧ ದಿನವೂ ಇಲ್ಲ. ಈ ಪದ್ಧತಿ ಕೇಳಿ ನಕ್ಕವರಲ್ಲಿ ಇಬ್ಬರು ಈಗ ಸೆಟ್ಟಿಂಗ್ ಕೇಳಿಕೊಂಡು ಫೋನ್ ಮಾಡ್ತಾರೆ.

ಪದ್ಧತಿ ಹೇಳೋಕೆ ಒಂದೇ ಸಾಲು ಸಾಕು: ಹೊಸ ಪ್ಯಾಚನ್ನು (ವಿಂಡೋಸ್‌ನ ತೂತು ಮುಚ್ಚೋ ತೇಪೆ) ಒಂದು ಮೆಷಿನ್ ಮೊದಲು ತಿನ್ನಲಿ, ಉಳಿದ ಹದಿಮೂರು ಹತ್ತು ದಿನ ಕಾಯಲಿ. ಆ ಒಂದಕ್ಕೆ ಇಲ್ಲಿ ಹರಕೆ ಕುರಿ ಅಂತಲೇ ಹೆಸರು.

ಮೈಕ್ರೋಸಾಫ್ಟ್ ಮಂತ್ಲಿ ಪ್ಯಾಚ್ ಬಿಡೋದು ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗ್ಗೆ ಹತ್ತಕ್ಕೆ. ನಮ್ಮಲ್ಲಿ ಆಗ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅಂದರೆ ಪೆಟ್ಟು ಬೀಳೋದು ಬುಧವಾರ ಬಾಗಿಲು ತೆಗೆದ ಮೇಲೆ. ಕುರಿಗೆ ಬುಧವಾರ ಎಂಟಕ್ಕೇ ಕೈಯಾರೆ ಹಾಕ್ತೀನಿ, ಒಂಬತ್ತೂವರೆಗೆ ತೀರ್ಪು ಗೊತ್ತಾಗುತ್ತೆ.

ಮೊದಲ ಸಲ ಎಡವಿದ್ದು ಕುರಿ ಆರಿಸೋದರಲ್ಲೇ. ಮೂಲೆಯಲ್ಲಿ ಧೂಳು ಹಿಡಿದಿದ್ದ ಸ್ಪೇರ್ ಮೆಷಿನ್ ಇಟ್ಟೆ. ಮೂರು ತಿಂಗಳು ಅದು ಪಾಸಾಯಿತು, ಕೌಂಟರ್ ಮೆಷಿನ್‌ಗಳು ಫೇಲಾದವು. ಆಗದೇ ಏನು? ಸ್ಪೇರ್‌ಗೆ ಕೀಬೋರ್ಡು ಮೌಸ್ ಬಿಟ್ಟರೆ ಏನೂ ಚುಚ್ಚಿರಲಿಲ್ಲ. ಅಪ್‌ಡೇಟ್‌ನಲ್ಲಿ ಕೆಡೋದು ವಿಂಡೋಸ್‌ಗಿಂತ ಅದಕ್ಕೆ ಚುಚ್ಚಿದ ಸಾಮಾನು. ಈಗಿನ ಕುರಿಗೆ ಆಧಾರ್‌ಗೆ ಬೆರಳ ಗುರುತು ಓದೋ ಯಂತ್ರ, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್, ಲೇಸರ್ ಪ್ರಿಂಟರ್, ಜೆರಾಕ್ಸ್ ಮೆಷಿನ್‌ನಿಂದ ಸ್ಕ್ಯಾನ್ ಬರೋ ಫೋಲ್ಡರ್, ಕನ್ನಡ ಟೈಪಿಂಗ್‌ನ ನುಡಿ, ಡಿಸೈನ್‌ನ ಕೋರೆಲ್, ಎಲ್ಲಾ ಇದೆ. ಹಳೇ ಬೆರಳ ಗುರುತಿನ ಯಂತ್ರ ಇನ್ನೊಂದು ಕೊಂಡಿದ್ದು ಇದಕ್ಕೋಸ್ಕರವೇ, ಎರಡು ಸಾವಿರದ ಆಸುಪಾಸು. ದಂಡ ಅನ್ನಿಸಿತ್ತು. ಎರಡೇ ತಿಂಗಳಲ್ಲಿ ದುಡ್ಡು ಬಂತು.

ಪ್ರೊ ಮೆಷಿನ್‌ಗಳಲ್ಲಿ ಗ್ರೂಪ್ ಪಾಲಿಸಿ ಎಡಿಟರ್ (ವಿಂಡೋಸ್‌ಗೆ ನಿಯಮ ಹಾಕೋ ಜಾಗ), ವಿಂಡೋಸ್ ಅಪ್‌ಡೇಟ್, ಅದರೊಳಗೆ ಕ್ವಾಲಿಟಿ ಅಪ್‌ಡೇಟ್ (ಅಂದರೆ ಈ ಮಂತ್ಲಿ ಪ್ಯಾಚ್) ಯಾವಾಗ ಸಿಗಬೇಕು ಅನ್ನೋ ಪಾಲಿಸಿಯಲ್ಲಿ 10 ದಿನ. ಗರಿಷ್ಠ 30ರ ತನಕ ಕೊಡುತ್ತೆ. 30 ಇಟ್ಟು ನೋಡಿದೆ, ತಪ್ಪು: ಪ್ಯಾಚ್ ಹೊರಬಿದ್ದ ಮೇಲೆ ಯಾವ ತೂತು ಮುಚ್ಚಿದರು ಅಂತ ಕಳ್ಳರಿಗೂ ಗೊತ್ತಾಗುತ್ತೆ. 4 ಇಟ್ಟೆ, ಅದೂ ಸಾಲದು. 2021ರ ಮಾರ್ಚ್ ನೆನಪಿರಬಹುದು, ಪ್ರಿಂಟ್ ಕೊಟ್ಟ ಕೂಡಲೇ ಬ್ಲೂ ಸ್ಕ್ರೀನ್, ಅಂದರೆ ತೆರೆ ನೀಲಿಯಾಗಿ ಮೆಷಿನ್ ಬೀಳೋದು. ಪ್ಯಾಚ್ ಬಂದಿದ್ದು 9ಕ್ಕೆ, ತಿದ್ದಿದ ಪ್ಯಾಚ್ 15ಕ್ಕೆ. ಅದಕ್ಕೇ ಹತ್ತು. ಫೀಚರ್ ಅಪ್‌ಡೇಟ್‌ಗೆ (ವಿಂಡೋಸ್‌ನ ಹೊಸ ವರ್ಷನ್‌ಗೆ) ದಿನ ಎಣಿಸೋದು ಬೇಡ, ಟಾರ್ಗೆಟ್ ವರ್ಷನ್ ಪಾಲಿಸಿಯಲ್ಲಿ ಈಗಿರೋ ವರ್ಷನ್ ಬರೆದು ಗೂಟ ಹೊಡೆದುಬಿಡಿ. 2018ರ ಅಕ್ಟೋಬರ್ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸನ್ನೇ ಅಳಿಸಿಹಾಕಿ, ನಾಲ್ಕು ದಿನಕ್ಕೆ ತಡೆಹಿಡಿದು, ಮತ್ತೆ ಬಿಟ್ಟಿದ್ದು ನವೆಂಬರ್ 13ಕ್ಕೆ. ಹೋಮ್‌ನಲ್ಲಿ ಪಾಲಿಸಿ ಎಡಿಟರ್ ಇಲ್ಲ, ಅಪ್‌ಡೇಟ್ ತಡೆದು ನಿಲ್ಲಿಸೋ ಪಾಸ್ (Pause) ಬಟನ್ ಐದು ವಾರದ ತನಕ ಇದೆ. ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಕೈಯಲ್ಲೇ ಒತ್ತೋದು. 'ಹೊಸದು ಸಿಕ್ಕ ಕೂಡಲೇ ಕೊಡು' ಅನ್ನೋ ಸ್ವಿಚ್ ಮಾತ್ರ ಎಲ್ಲದರಲ್ಲೂ ಆಫ್. ಅದು ಆನ್ ಇದ್ದರೆ ತಿಂಗಳ ಕೊನೆಯ ಪ್ರಿವ್ಯೂ (ಮುಂದಿನ ಪ್ಯಾಚಿನ ಪರೀಕ್ಷಾ ಪ್ರತಿ) ಕೂಡ ಇಳಿಯುತ್ತೆ.

ಇದೆಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಇನ್ನೊಂದು ಪಾಲಿಸಿ, ಅಪ್‌ಡೇಟ್ ಜೊತೆ ಡ್ರೈವರ್ (ಚುಚ್ಚಿದ ಸಾಮಾನನ್ನು ನಡೆಸೋ ಪ್ರೋಗ್ರಾಮ್) ಸೇರಿಸಬೇಡ ಅನ್ನೋದು. ಇದಿಲ್ಲದಿದ್ದರೆ ಬೆರಳ ಗುರುತಿನ ಯಂತ್ರದ ಮೂಲ ಡ್ರೈವರ್ ಕಿತ್ತು ಇನ್ನಾವುದೋ ಕೂತಿರುತ್ತೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿಲ್ಲ, ಲೈಟೂ ಉರಿಯುತ್ತೆ, ಆದರೆ ಆಧಾರ್‌ಗಾಗಿ ಬೆರಳ ಗುರುತು ಹಿಡಿದು ಕೊಡೋ ಆರ್‌ಡಿ ಸರ್ವಿಸ್ 'ನಾಟ್ ರೆಡಿ'. ಮಂದಿ ಆರ್‌ಡಿ ಸರ್ವಿಸನ್ನೇ ನಾಲ್ಕು ಸಲ ಕಿತ್ತು ಹಾಕ್ತಾರೆ. ಅದು 11100ರಿಂದ 11120ರೊಳಗಿನ ಲೋಕಲ್ ಪೋರ್ಟ್‌ನಲ್ಲಿ ಸರಿಯಾಗಿಯೇ ಕೂತಿರುತ್ತೆ, ಕೆಳಗಿನ ಡ್ರೈವರ್ ಬದಲಾಗಿರುತ್ತೆ ಅಷ್ಟೇ. ರೋಲ್ ಬ್ಯಾಕ್ ಡ್ರೈವರ್ ಒತ್ತಿ, ಸರ್ವಿಸ್ ರೀಸ್ಟಾರ್ಟ್ ಮಾಡಿ, ಎರಡು ನಿಮಿಷದ ಕೆಲಸ. ಇದರ ಅಣ್ಣ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ, ಹಳೇ ಕರ್ನಲ್ಲೇ (ವಿಂಡೋಸ್‌ನ ತಿರುಳು) ಮಲಗಿ ಏಳುತ್ತೆ. ಪವರ್‌ಸಿಎಫ್‌ಜಿ ಕಮಾಂಡಲ್ಲಿ ಹೈಬರ್ನೇಟ್ ಆಫ್ ಮಾಡಿದರೆ ಅದೂ ಹೋಗುತ್ತೆ, ಸಿ ಡ್ರೈವ್‌ನಲ್ಲಿ ಒಂದಷ್ಟು ಜಿಬಿ ಜಾಗವೂ ಬರುತ್ತೆ.

ಅತಿ ಹೆಚ್ಚು ಹೊತ್ತು ತಿಂದಿದ್ದು ವಿಂಡೋಸ್ 11ರ 24ಎಚ್2 ವರ್ಷನ್ ಬಂದಾಗ ನಿಂತ ಸ್ಕ್ಯಾನ್ ಫೋಲ್ಡರ್. ಜೆರಾಕ್ಸ್ ಮೆಷಿನ್‌ನಲ್ಲಿ ಕಾಗದ ಒಳಗೆ ಹೋಗುತ್ತೆ, ಕೊನೆಗೆ 'ಕನೆಕ್ಷನ್ ಫೇಲ್'. ಕೇಬಲ್ ಬದಲಾಯಿಸಿದೆ, ಐಪಿ ಬದಲಾಯಿಸಿದೆ, ಫೈರ್‌ವಾಲ್ ಆಫ್ ಮಾಡಿದೆ, ಏನೂ ಇಲ್ಲ. ಆ ವರ್ಷನ್‌ನ ಪ್ರೊದಲ್ಲಿ ಎಸ್‌ಎಂಬಿ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚಿಕೊಳ್ಳೋ ಭಾಷೆ) ಸಂದೇಶಗಳಿಗೆ ಸೈನಿಂಗ್, ಅಂದರೆ ಡಿಜಿಟಲ್ ಮುದ್ರೆ, ಕಡ್ಡಾಯ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಹಂಚಿಕೆಯೂ ಬಂದ್. ಯಾರನ್ನು ಕೇಳಿದರೂ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್ ಪಟ್ಟಿಯಲ್ಲಿ) ಸೈನಿಂಗ್ ತೆಗೆದುಬಿಡಿ ಅಂತಾರೆ. ತೆಗೆಯೋ ಮೊದಲು ಇದು ಮಾಡಿ: ಸ್ಕ್ಯಾನ್ ಅನ್ನೋ ಹೆಸರಲ್ಲಿ ಬೇರೆ ಲೋಕಲ್ ಯೂಸರ್, ಅದಕ್ಕೊಂದು ಪಾಸ್‌ವರ್ಡ್, ಫೋಲ್ಡರ್‌ನ ಶೇರಿಂಗ್ ಮತ್ತು ಸೆಕ್ಯೂರಿಟಿ ಎರಡೂ ಟ್ಯಾಬ್‌ನಲ್ಲಿ ಆ ಯೂಸರ್‌ಗೆ ಬರೆಯೋ ಹಕ್ಕು. ಜೆರಾಕ್ಸ್ ಮೆಷಿನ್‌ನ ಅಡ್ರೆಸ್ ಬುಕ್‌ನಲ್ಲಿ ಯೂಸರ್ ಹೆಸರಿಗಿಂತ ಮೊದಲು ಕಂಪ್ಯೂಟರ್ ಹೆಸರು, ಬ್ಯಾಕ್‌ಸ್ಲ್ಯಾಶ್ ಹಾಕಿ ಕೊಡಿ. ಮೂರು ಜೆರಾಕ್ಸ್ ಮೆಷಿನ್‌ಗಳಲ್ಲಿ ಎರಡು ಇಷ್ಟಕ್ಕೇ ಒಪ್ಪಿಕೊಂಡವು. ಮೂರನೆಯದು ಎಸ್‌ಎಂಬಿ 1 ಬಿಟ್ಟು ಬೇರೆ ಭಾಷೆ ಕಲಿಯದ ಮುದುಕ, ಅದನ್ನು ಎಫ್‌ಟಿಪಿಗೆ (ಫೈಲ್ ಕಳಿಸೋ ಇನ್ನೊಂದು ದಾರಿ) ತಿರುಗಿಸಿದೆ.

ಪ್ರಿಂಟರ್ ವಿಷಯದಲ್ಲಿ ಪಾಠ ಕಲಿಸಿದ್ದು 2021ರ ಸೆಪ್ಟೆಂಬರ್‌ನ 11ಬಿ ಎರರ್, ಶೇರ್ ಮಾಡಿದ ಪ್ರಿಂಟರ್ ಕನೆಕ್ಟ್ ಆಗ್ತಿರಲಿಲ್ಲ. ರಿಜಿಸ್ಟ್ರಿಯಲ್ಲಿ ಸೊನ್ನೆ ಹಾಕಿ ಅವತ್ತಿಗೆ ಬಚಾವಾದ್ವಿ. ಆಮೇಲೆ ಯುಎಸ್‌ಬಿ ಪ್ರಿಂಟರ್ ಶೇರ್ ಮಾಡೋದನ್ನೇ ಬಿಟ್ಟೆ. ಎಲ್ಲಕ್ಕೂ ಲ್ಯಾನ್ ಕೇಬಲ್, ಫಿಕ್ಸೆಡ್ ಐಪಿ, 9100 ಪೋರ್ಟ್. ಲ್ಯಾನ್ ಇಲ್ಲದ ಒಂದಕ್ಕೆ ಪ್ರಿಂಟ್ ಸರ್ವರ್ ಡಬ್ಬಿ, ಎರಡೂವರೆ ಸಾವಿರ ಬಿತ್ತು.

2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಕೆಬಿ 5034441 ನಿಮ್ಮಲ್ಲೂ 643 ಅಂತ ಕೊನೆಯಾಗೋ ಎರರ್ ಕೊಟ್ಟಿರಬೇಕು. ಅದು ರಿಕವರಿ ಪಾರ್ಟಿಷನ್‌ನಲ್ಲಿ (ಬಿದ್ದ ವಿಂಡೋಸ್ ಎತ್ತೋಕೆ ಡಿಸ್ಕ್‌ನಲ್ಲಿ ಮೀಸಲಿಟ್ಟ ಭಾಗ) 250 ಎಂಬಿ ಖಾಲಿ ಜಾಗ ಬೇಡಿತು, ಹಳೇ ಇನ್‌ಸ್ಟಾಲ್‌ಗಳಲ್ಲಿ ಪಾರ್ಟಿಷನ್ನೇ 500ರ ಆಸುಪಾಸು. ಆಗಲೇ ಎಲ್ಲಾ ಮೆಷಿನ್‌ಗೂ 1 ಜಿಬಿ ಮಾಡಿಬಿಟ್ಟೆ. ರಿಕವರಿ ಆನ್-ಆಫ್ ಮಾಡೋ ರಿಏಜೆಂಟ್‌ಸಿ ಕಮಾಂಡ್ ಡಿಸೇಬಲ್, ಸಿ ಡ್ರೈವ್ ಕುಗ್ಗಿಸೋದು, ಡಿಸ್ಕ್‌ಪಾರ್ಟ್‌ನಲ್ಲಿ ಹಳೇದನ್ನು ಓವರ್‌ರೈಡ್ ಕೊಟ್ಟು ಅಳಿಸಿ ಹೊಸದು, ರಿಏಜೆಂಟ್‌ಸಿ ಎನೇಬಲ್. ದಾರಿ ನಿಮಗೆ ಗೊತ್ತು. ಗೊತ್ತಿಲ್ಲದೆ ಎರಡು ಮೆಷಿನ್ ಕೆಡಿಸಿಕೊಂಡ ಜಾಗ ಒಂದಿದೆ. ಡಿಸೇಬಲ್ ಕೊಟ್ಟಾಗ ರಿಕವರಿಯ ವಿನ್‌ಆರ್‌ಇ ಫೈಲ್ ಸಿಸ್ಟಮ್32ರೊಳಗಿನ ರಿಕವರಿ ಫೋಲ್ಡರ್‌ಗೆ ವಾಪಸ್ ಬರಬೇಕು. ಬಂದಿದೆಯಾ ಅಂತ ಕಣ್ಣಲ್ಲಿ ನೋಡಿದ ಮೇಲೇ ಪಾರ್ಟಿಷನ್ ಅಳಿಸಿ. ಬರದಿದ್ದರೂ ಅಳಿಸಿದರೆ ವಿಂಡೋಸ್ ಇನ್‌ಸ್ಟಾಲ್ ಮಾಡೋ ಐಎಸ್‌ಒ ಫೈಲ್ ತೆರೆದು, ಇನ್‌ಸ್ಟಾಲ್ ಇಮೇಜ್ ಒಳಗಿಂದ ಅದನ್ನು ಹುಡುಕಿ ತರಬೇಕು, ಒಂದು ಮಧ್ಯಾಹ್ನ ಖಲಾಸ್.

ಪೂರ್ತಿ ಬಿದ್ದ ಮೆಷಿನ್ ಎತ್ತೋಕೆ ಮೊದಲು ರಿಕವರಿ ಸ್ಕ್ರೀನ್‌ನ 'ಕೊನೆಯ ಕ್ವಾಲಿಟಿ ಅಪ್‌ಡೇಟ್ ತೆಗೆ'. ಆಗದಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸಮ್ (ವಿಂಡೋಸ್ ರಿಪೇರಿಯ ಕಮಾಂಡ್) ಗೆ ರಿವರ್ಟ್ ಪೆಂಡಿಂಗ್ ಆ್ಯಕ್ಷನ್ಸ್, ಅಂದರೆ ಅರ್ಧಕ್ಕೆ ನಿಂತ ಅಪ್‌ಡೇಟ್ ರದ್ದು. ಅಲ್ಲಿ ಸಿ ಡ್ರೈವ್ ಎಷ್ಟೋ ಸಲ ಡಿ ಆಗಿರುತ್ತೆ, ಡಿಐಆರ್ ಹೊಡೆದು ನೋಡಿಕೊಂಡು ಮುಂದುವರಿಯಿರಿ. ಪ್ಯಾಚ್ ತೆಗೆಯೋ ವುಸಾ ಕಮಾಂಡಿನ ಅನ್‌ಇನ್‌ಸ್ಟಾಲ್ ನಂಬಬೇಡಿ, ಸರ್ವಿಸಿಂಗ್ ಸ್ಟ್ಯಾಕ್ (ಅಪ್‌ಡೇಟ್ ಹಾಕೋ ಭಾಗ) ಕೂಡಿಕೊಂಡೇ ಬರೋ ಈಗಿನ ಪ್ಯಾಚ್‌ಗೆ ಅದು ನಡೆಯಲ್ಲ, ಡಿಸಮ್‌ನಲ್ಲಿ ಪ್ಯಾಕೇಜ್ ಹೆಸರು ಹಿಡಿದೇ ತೆಗೀಬೇಕು. ಇವೆಲ್ಲಕ್ಕೂ ಬಿಟ್‌ಲಾಕರ್ (ಡಿಸ್ಕಿಗೆ ಹಾಕೋ ಗುಪ್ತ ಬೀಗ) ಕೀ ಕೈಯಲ್ಲಿರಬೇಕು. 24ಎಚ್2 ಹೊಸದಾಗಿ ಹಾಕಿದ ಮೆಷಿನ್‌ನಲ್ಲಿ ಎನ್‌ಕ್ರಿಪ್ಷನ್ ಹೇಳದೆ ಕೇಳದೆ ಆನ್ ಆಗಿರಬಹುದು. 14ರದ್ದೂ 48 ಅಂಕಿಯ ಕೀ ಪ್ರಿಂಟ್ ತೆಗೆದು ಕ್ಯಾಷ್ ಡಬ್ಬಿಯ ಅಡಿಯಲ್ಲಿ ಇಟ್ಟಿದೆ.

ಅರ್ಧ ಗಂಟೆಯೊಳಗೆ ಎದ್ದಿಲ್ಲ ಅಂದರೆ ಗುದ್ದಾಡೋದಿಲ್ಲ, ಇಮೇಜ್ (ಇಡೀ ಡಿಸ್ಕಿನ ನಕಲು) ಸುರಿಯೋದು. ತಿಂಗಳ ಮೊದಲ ಭಾನುವಾರ ಕ್ಲೋನ್‌ಜಿಲ್ಲಾದಲ್ಲಿ ಇಮೇಜ್. 60 ಜಿಬಿ ತುಂಬಿದ ಎಸ್‌ಎಸ್‌ಡಿ 30 ಜಿಬಿಗೆ ಇಳಿಯುತ್ತೆ, ವಾಪಸ್ ಸುರಿಯೋಕೆ 15–20 ನಿಮಿಷ. ಗಿರಾಕಿ ಫೈಲ್ ಎಲ್ಲ ಬೇರೆ ಡ್ರೈವ್‌ನಲ್ಲಿದ್ದರೆ ಮಾತ್ರ ಈ ಧೈರ್ಯ.

ದುಡ್ಡಿನ ಲೆಕ್ಕ: ಎಕ್ಸ್‌ಟರ್ನಲ್ ಡಿಸ್ಕ್ ನಾಲ್ಕು ಸಾವಿರದ ಮೇಲೆ ಚೂರು, ಯುಪಿಎಸ್ ಬ್ಯಾಟರಿ ಆರು, ತಲಾ ಸಾವಿರ. ಬ್ಯಾಟರಿ ಯಾಕೆ ಅಂದರೆ, ಪ್ಯಾಚ್ ಕೆಡಿಸಿದ್ದು ಅಂತ ಬೈಸಿಕೊಂಡದ್ದರಲ್ಲಿ ಒಳ್ಳೇ ಪಾಲು ಕರೆಂಟ್ ಕೆಡಿಸಿದ್ದು. ಅಪ್‌ಡೇಟ್ 35 ಪರ್ಸೆಂಟ್‌ನಲ್ಲಿದ್ದಾಗ ಲೈನ್ ಹೋಗಿ, ಸತ್ತ ಬ್ಯಾಟರಿಯ ಯುಪಿಎಸ್ ಕುಂಯ್ ಅಂದು ಮಲಗಿದರೆ ಯಾವ ಓಎಸ್ ಉಳಿಯುತ್ತೆ? ಪ್ರಿಂಟ್ ಸರ್ವರ್, ಬೆರಳ ಗುರುತಿನ ಯಂತ್ರ ಸೇರಿ ಒಟ್ಟು ಹದಿನೈದು ಸಾವಿರದೊಳಗೆ. ಹಿಂದೆ ಒಂದು ಬುಧವಾರ ಮುಚ್ಚಿದರೆ ಮೂರೂ ಕಡೆ ಸೇರಿ ನಾಲ್ಕೈದು ಸಾವಿರ ಹೋಗುತ್ತಿತ್ತು.

ಬುಧವಾರ ಬೆಳಗ್ಗೆ ಕುರಿಯ ಮೇಲೆ ಓಡಿಸೋ ಸ್ಕ್ರಿಪ್ಟ್ ಇಲ್ಲಿ ಹಾಕಲ್ಲ, ಅದು ಹೊಟ್ಟೆಪಾಡು. ಅದು ನೋಡೋದು ಹೇಳ್ತೀನಿ: ಡ್ರೈವರ್ ವರ್ಷನ್ ನಿನ್ನೆಯದೇನಾ, ಪ್ರಿಂಟ್ ಸಾಲು ನೋಡಿಕೊಳ್ಳೋ ಸ್ಪೂಲರ್ ಎದ್ದಿದೆಯಾ, ಆರ್‌ಡಿ ಪೋರ್ಟ್ ಉತ್ತರ ಕೊಡ್ತಿದೆಯಾ, ಫೋಲ್ಡರ್‌ಗೆ ಸ್ಕ್ಯಾನ್ ಯೂಸರ್ ಬರೀತಾನಾ. ಬೆರಳಿಡೋದು, ನುಡಿಯಲ್ಲಿ ಒತ್ತಕ್ಷರ ಇರೋ ನಾಲ್ಕು ಸಾಲು ಹೊಡೆದು ಪ್ರಿಂಟ್ ತೆಗೆಯೋದು ಕೈಯಾರೆಯೇ.

ನಡುವೆ ಒಂದು ಹುಚ್ಚು ಪ್ರಯೋಗ. 4ನೇ ಜನರೇಷನ್ ಐ3, ವಿಂಡೋಸ್ 11 ಕೇಳೋ ಪಟ್ಟಿಯಲ್ಲಿ ಇಲ್ಲದ್ದು, ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದೆ. ಕಗಪ (ಕನ್ನಡ ಕೀಬೋರ್ಡ್) ಲೇಔಟ್ ಅದರಲ್ಲೇ ಸಿಗುತ್ತೆ, ಯೂನಿಕೋಡ್ ಟೈಪಿಂಗ್, ಬ್ರೌಸರ್, ಪ್ರಿಂಟ್ ಎಲ್ಲ ಬೆಣ್ಣೆ. ಆದರೆ ಯೂನಿಕೋಡ್‌ಗೆ ಮುಂಚಿನ ಹಳೇ ಆಸ್ಕಿ ಫಾಂಟ್‌ನ ಪೇಜ್‌ಮೇಕರ್ ಫೈಲ್ ತರೋ ಗಿರಾಕಿಗೆ ಅದರಿಂದ ಉಪಯೋಗ ಇಲ್ಲ. ಈಗ ಅದು ಅರ್ಜಿ ತುಂಬೋಕೆ ಮಾತ್ರ. ಇನ್ನೊಂದು ಪ್ರಯೋಗ ಗೆದ್ದಿತು: ಅಪ್‌ಡೇಟ್ ಹಂಚೋ ಡೆಲಿವರಿ ಆಪ್ಟಿಮೈಸೇಷನ್ ಸೆಟ್ಟಿಂಗ್ ಲೋಕಲ್ ನೆಟ್‌ವರ್ಕ್‌ಗೆ ಮಾತ್ರ ಇಟ್ಟರೆ, ಒಂದು ಇಳಿಸಿಕೊಂಡಿದ್ದನ್ನು ಉಳಿದವು ಹಂಚಿಕೊಳ್ಳುತ್ತವೆ. ಹತ್ತನೇ ದಿನ ನೆಟ್ ಉಸಿರುಗಟ್ಟೋದು ನಿಂತಿತು.

ಉಳಿದಿರೋದು ಆ ಎರಡು ವಿಂಡೋಸ್ 10. ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಇಎಸ್‌ಯುಗೆ (ಮುಂದುವರಿಸಿದ ಸೆಕ್ಯೂರಿಟಿ ಪ್ಯಾಚ್ ಯೋಜನೆಗೆ) ಸೇರಿಸಿದ್ದರಿಂದ 2026ರ ಅಕ್ಟೋಬರ್ 13ರ ತನಕ ಪ್ಯಾಚ್ ಬರುತ್ತೆ. ಒಂದನ್ನು ಮಾರ್ತೀನಿ. ಇನ್ನೊಂದಕ್ಕೆ ಕನ್ನಡ ಅಕ್ಷರ ತಂತ್ರಾಂಶದ ಡಾಂಗಲ್ (ಅದು ನಡೆಯೋಕೆ ಬೇಕಾದ ಯುಎಸ್‌ಬಿ ಕೀಲಿ) ಚುಚ್ಚಿದೆ. ಅದರ ಹಳೇ ಡ್ರೈವರ್, ವಿಂಡೋಸ್ 11ರಲ್ಲಿ ಮೆಮರಿ ಇಂಟಿಗ್ರಿಟಿ ಅನ್ನೋ ಕಾವಲು ಆನ್ ಇದ್ದರೆ ಲೋಡ್ ಆಗಲ್ಲ, ಆಫ್ ಮಾಡೋಕೆ ಮನಸ್ಸಿಲ್ಲ. ಹೊಸ ಡ್ರೈವರ್ ಸಿಗದಿದ್ದರೆ ಪ್ಯಾಚ್ ನಿಲ್ಲೋ ದಿನ ಅದರ ಲ್ಯಾನ್ ಕೇಬಲ್ ಕಿತ್ತು, ಪೇಜುಗಳನ್ನು ಪೆನ್‌ಡ್ರೈವ್‌ನಲ್ಲಿ ಸಾಗಿಸೋದು.