ಪೀಸಾ ವರದಿಯನ್ನು ಓದುವ ಬಗೆ: ಸ್ಥಾನಪಟ್ಟಿ ಕೊನೆಗಿರಲಿ

ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಒಕ್ಕೂಟವಾದ ಒಇಸಿಡಿ ಸಂಸ್ಥೆಯು 2000ದಿಂದ ನಡೆಸುತ್ತಿರುವ ಪೀಸಾ ಪರೀಕ್ಷೆ ಹದಿನೈದರ ಹರೆಯದ ಮಕ್ಕಳ ಓದು, ಗಣಿತ ಮತ್ತು ವಿಜ್ಞಾನದ ಸಾಮರ್ಥ್ಯವನ್ನು ಅಳೆಯುತ್ತದೆ. ಫಲಿತಾಂಶ ಹೊರಬಿದ್ದಾಗ ಎಲ್ಲರ ಕಣ್ಣು ಹೋಗುವುದು ದೇಶಗಳ ಸ್ಥಾನಪಟ್ಟಿಯ ಮೇಲೆ. ಸಮಾಜಶಾಸ್ತ್ರದ ದೃಷ್ಟಿಯಿಂದ ಓದಬಯಸುವವರು ಆ ಪುಟವನ್ನು ಮಡಚಿಟ್ಟು ಬೇರೆ ಕಡೆಯಿಂದ ಆರಂಭಿಸಬೇಕು.

ಮೊದಲು ಹುಡುಕಬೇಕಾದದ್ದು ವ್ಯಾಪ್ತಿಯ ಅಂಕಿಯನ್ನು, ಅಂದರೆ ಆ ವಯಸ್ಸಿನ ಒಟ್ಟು ಮಕ್ಕಳಲ್ಲಿ ಎಷ್ಟು ಪಾಲನ್ನು ಪರೀಕ್ಷೆ ಪ್ರತಿನಿಧಿಸುತ್ತದೆ ಎಂಬುದನ್ನು. ಪೀಸಾಗೆ ಆಯ್ಕೆಯಾಗುವವರು ಶಾಲೆಯಲ್ಲಿದ್ದು ಏಳನೆಯ ತರಗತಿಯನ್ನಾದರೂ ತಲುಪಿದ ಮಕ್ಕಳು ಮಾತ್ರ. 2012ರಲ್ಲಿ ವಿಯೆಟ್ನಾಂ ಗಣಿತದಲ್ಲಿ 511 ಅಂಕ ಪಡೆದು ಅನೇಕ ಶ್ರೀಮಂತ ದೇಶಗಳನ್ನು ಹಿಂದಿಕ್ಕಿತು. ಆದರೆ ಆ ಅಂಕದ ಹಿಂದೆ ಇದ್ದದ್ದು ಅಲ್ಲಿನ ಆ ವಯಸ್ಸಿನ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಮಾತ್ರ. 2009 ಮತ್ತು 2012ರಲ್ಲಿ ಮೊದಲ ಸ್ಥಾನ ಪಡೆದ ಚೀನಾದ ಶಾಂಘೈ ನಗರದ ಬಗ್ಗೆಯೂ ಇದೇ ಪ್ರಶ್ನೆ ಎದ್ದಿತು, ಏಕೆಂದರೆ ಹುಕೌ ಎಂಬ ನಿವಾಸ ನೋಂದಣಿ ಪದ್ಧತಿಯಿಂದಾಗಿ ವಲಸೆ ಕಾರ್ಮಿಕರ ಎಷ್ಟೋ ಮಕ್ಕಳು ಅಲ್ಲಿನ ಪ್ರೌಢಶಿಕ್ಷಣದಿಂದ ಹೊರಗುಳಿಯುತ್ತಿದ್ದರು.

ಅನಂತರ ಮನೆಯ ಹಿನ್ನೆಲೆಯ ಅಧ್ಯಾಯವನ್ನು ತೆರೆಯಿರಿ. ನನ್ನ ಮಟ್ಟಿಗೆ ಇಡೀ ವರದಿಯ ತಿರುಳು ಅಲ್ಲಿದೆ. ತಂದೆತಾಯಿಯರ ಓದು, ಉದ್ಯೋಗ ಮತ್ತು ಮನೆಯ ಸೌಕರ್ಯಗಳನ್ನು ಸೇರಿಸಿ ಒಂದು ಸೂಚ್ಯಂಕ ಕಟ್ಟುತ್ತಾರೆ. ಅದರ ಮೇಲಿನ ಕಾಲುಭಾಗದ ಮತ್ತು ಕೆಳಗಿನ ಕಾಲುಭಾಗದ ಮಕ್ಕಳ ಅಂಕಗಳ ನಡುವಿನ ಅಂತರವನ್ನು ಗುರುತು ಹಾಕಿಕೊಂಡು, ಅಂಕಗಳ ಏರಿಳಿತದಲ್ಲಿ ಎಷ್ಟು ಪಾಲನ್ನು ಈ ಹಿನ್ನೆಲೆಯೇ ವಿವರಿಸುತ್ತದೆ ಎಂಬುದನ್ನೂ ನೋಡಿ. ಮೊದಲ ಸುತ್ತಿನ ಫಲಿತಾಂಶ ಹೊರಬಿದ್ದ 2001ರ ಡಿಸೆಂಬರ್‌ನಲ್ಲಿ ಜರ್ಮನಿಯನ್ನು ಬೆಚ್ಚಿಬೀಳಿಸಿದ್ದು ಸರಾಸರಿಗಿಂತ ಕಡಿಮೆ ಅಂಕವಷ್ಟೇ ಅಲ್ಲ. ಬಹುತೇಕ ರಾಜ್ಯಗಳಲ್ಲಿ ನಾಲ್ಕನೆಯ ತರಗತಿಯ ನಂತರ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುವ ಆ ದೇಶದಲ್ಲಿ, ಹುಟ್ಟಿದ ಮನೆಗೂ ಕಲಿಕೆಗೂ ಇದ್ದ ಬಿಗಿಯಾದ ನಂಟು ಬಯಲಾಯಿತು. ಶಾಲೆಯು ಮೇಲ್ವರ್ಗದ ಮನೆಯ ನುಡಿ ಮತ್ತು ಅಭಿರುಚಿಯನ್ನೇ ಪ್ರತಿಭೆಯೆಂದು ಪರಿಗಣಿಸುತ್ತದೆ ಎಂಬ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡ್ಯೂ ಅವರ ಸಾಂಸ್ಕೃತಿಕ ಬಂಡವಾಳದ ವಾದವನ್ನು ಇಲ್ಲಿ ಪಕ್ಕದಲ್ಲಿಟ್ಟು ಓದಬೇಕು. ಆದರೆ ಸೂಚ್ಯಂಕವನ್ನೂ ಪ್ರಶ್ನಿಸದೆ ಬಿಡಬಾರದು. ಮನೆಯಲ್ಲಿ ಎಷ್ಟು ಪುಸ್ತಕಗಳಿವೆ ಎಂದು ಕೇಳುವ ಪ್ರಶ್ನಾವಳಿಗೆ, ಯಕ್ಷಗಾನದ ಪ್ರಸಂಗಗಳನ್ನು ಬಾಯಿಪಾಠವಾಗಿ ಬಲ್ಲ ತಂದೆಯ ಮನೆ ಬರಿದಾಗಿಯೇ ಕಂಡೀತು.

ಸ್ಥಾನಪಟ್ಟಿಗೆ ಈಗ ಬರಬಹುದು. ಇದು ಎಲ್ಲ ಮಕ್ಕಳನ್ನಲ್ಲ, ಆಯ್ದ ಕೆಲವರನ್ನಷ್ಟೇ ಪರೀಕ್ಷಿಸುವ ಮಾದರಿ ಸಮೀಕ್ಷೆಯಾದ್ದರಿಂದ ಎರಡು ಮೂರು ಅಂಕಗಳ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಅರ್ಥವಿಲ್ಲ.

ಫಲಿತಾಂಶವನ್ನು ಸರಕಾರಗಳು ಹೇಗೆ ಬಳಸಿದವು ಎಂಬುದನ್ನೂ ಗಮನಿಸಿ. ಆಗ ಮೂರು ವರ್ಷಕ್ಕೊಮ್ಮೆ ಬರುತ್ತಿದ್ದ ಪಟ್ಟಿ ಅವಸರದ ಸುಧಾರಣೆಗಳಿಗೆ ದೂಡುತ್ತದೆ ಎಂದು 2014ರಲ್ಲಿ ಹಲವು ದೇಶಗಳ ವಿದ್ವಾಂಸರು ಒಇಸಿಡಿಗೆ ಬಹಿರಂಗ ಪತ್ರ ಬರೆದರು. 2009ರ ಸುತ್ತಿನ ವಿಸ್ತರಣೆಯಲ್ಲಿ ಭಾರತದಿಂದ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಭಾಗವಹಿಸಿ ಪಟ್ಟಿಯ ತಳದಲ್ಲಿ ಉಳಿದಾಗ, ಪ್ರಶ್ನೆಗಳು ನಮ್ಮ ಸಂದರ್ಭಕ್ಕೆ ಹೊಂದುವುದಿಲ್ಲವೆಂಬ ಆಕ್ಷೇಪ ಕೇಳಿಬಂತು. ದೇಶವು 2012ರ ಸುತ್ತಿನಿಂದ ದೂರವುಳಿಯಿತು. ಆಕ್ಷೇಪದಲ್ಲಿ ಹುರುಳಿದೆ. ಆದರೂ ಆ ಮಕ್ಕಳಿಗೆ ಓದಿದ್ದು ಏಕೆ ಅರ್ಥವಾಗಲಿಲ್ಲ ಎಂಬ ಪ್ರಶ್ನೆಯನ್ನು ಅದು ಮುಚ್ಚಿಹಾಕಬಾರದಿತ್ತು.

ಎಸ್ಸೆಸ್ಸೆಲ್ಸಿಯ ಜಿಲ್ಲಾವಾರು ಪಟ್ಟಿ ಕೈಗೆ ಬಂದಾಗಲೂ ಇದೇ ಕ್ರಮವನ್ನು ಅನುಸರಿಸಬಹುದು: ಹತ್ತು ವರ್ಷಗಳ ಹಿಂದೆ ಆ ಜಿಲ್ಲೆಯಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಪರೀಕ್ಷಾ ಕೊಠಡಿಯವರೆಗೆ ಬಂದರು ಎಂದು ಮೊದಲು ಕೇಳಿ.