ಮಂಡಕ್ಕಿ ಆನ್‌ಲೈನ್‌ನಲ್ಲಿ ಮಾರ್ತಾ, ಟ್ಯಾಕ್ಸ್ ಬಗ್ಗೆ ನಾನು ಕಲ್ತಿದ್ದು

ಆನ್‌ಲೈನ್ ವ್ಯಾಪಾರಕ್ಕೆ ಸರ್ಕಾರ ಟ್ಯಾಕ್ಸ್ ಹಾಕ್ಬೇಕಾ ಬೇಡ್ವಾ ಅಂದ್ರೆ, ಹಾಕ್ಲಿ ಅನ್ನೋನೇ ನಾನು. ದಾವಣಗೆರೆ ಮಂಡಿಪೇಟೆಲಿ ಬಾಡಿಗೆ, ಕರೆಂಟ್ ಬಿಲ್ಲು, ಆಳಿನ ಸಂಬಳ ಎಲ್ಲಾ ಕೊಟ್ಕೊಂಡು ಅಂಗಡಿ ನಡೆಸೋರು ಜಿಎಸ್‌ಟಿ ಕಟ್ತಾರೆ ಅಂದ್ಮೇಲೆ, ಮೊಬೈಲಲ್ಲಿ ಆರ್ಡರ್ ತಗೊಂಡು ಮನೆ ಹಿಂದಿನ ಶೆಡ್ಡಿಂದ ಪಾರ್ಸಲ್ ಕಳ್ಸೋ ನಾವು ಯಾಕೆ ಕಟ್ಬಾರ್ದು. ನನ್ನ ತಕರಾರು ಬೇರೆ ಐತೆ. ಅಂಗಡಿಯವ್ರಿಗೆ ಒಂದು ಲೆಕ್ಕ, ನಮಗೆ ಇನ್ನೊಂದು ಲೆಕ್ಕ.

ನಾನು ಮಾರೋದು ಭಟ್ಟಿ ಮಂಡಕ್ಕಿ ಮತ್ತೆ ಖಾರ ಮಂಡಕ್ಕಿ. ಹೈದರಾಬಾದು, ಪುಣೆ, ಚೆನ್ನೈಗೆ ಹೋಗಿ ಸೆಟ್ಲ್ ಆಗಿರೋ ನಮ್ಮ ಕಡೆ ಜನ ಅಲ್ಲಿ ಸಿಗೋ ಮಂಡಕ್ಕಿ ಬಾಯಿಗೆ ಹಿಡಿಸಲ್ಲ ಅಂತ ಊರಿಂದ ತರಿಸ್ಕೊಳ್ತಾರೆ, ಅವ್ರೇ ನನ್ನ ಗಿರಾಕಿಗಳು. ಇದೇ ಮಂಡಕ್ಕಿನ ಚೀಲದಿಂದ ಸೇರಲ್ಲಿ ಅಳೆದು ಕೊಟ್ರೆ ಜಿಎಸ್‌ಟಿ ಸೊನ್ನೆ, ಪ್ಯಾಕೆಟ್ ಮಾಡಿ ಲೇಬಲ್ ಅಂಟಿಸಿದ ಕೂಡ್ಲೇ 5%. 2022ರ ಜುಲೈ 18ರಿಂದ ಹಿಂಗೇ ನಡೀತಾ ಐತೆ. ಆನ್‌ಲೈನಲ್ಲಿ ಲೇಬಲ್ ಇಲ್ದೆ ಮಾರೋಕಾಗಲ್ಲ, ಹಂಗಾಗಿ ನಮಗೆ 5% ತಪ್ಪಿದ್ದಲ್ಲ. ಖಾರ ಮಂಡಕ್ಕಿ ಪ್ಯಾಕೆಟ್ ಕುರುಕಲು ತಿಂಡಿ ಲೆಕ್ಕದಲ್ಲಿ 12% ಇತ್ತು, 2025ರ ಸೆಪ್ಟೆಂಬರ್ 22ರಿಂದ 5%ಗೆ ಇಳೀತು, ಅದರಿಂದ ನಿಜವಾಗ್ಲೂ ಅನುಕೂಲ ಆಯ್ತು.

ಈಗ ಆ ಎರಡು ಲೆಕ್ಕದ ವಿಚಾರ. ಕರ್ನಾಟಕದೊಳಗೇ ಅಂಗಡಿಲಿ ಮಾರೋರು ವರ್ಷಕ್ಕೆ 40 ಲಕ್ಷ ವಹಿವಾಟು ದಾಟೋ ತನಕ ಜಿಎಸ್‌ಟಿ ರಿಜಿಸ್ಟ್ರೇಷನ್ ಮಾಡಿಸ್ಬೇಕಾಗಿಲ್ಲ. ನಾನು ಹೊರರಾಜ್ಯಕ್ಕೆ ಒಂದೇ ಒಂದು ಪ್ಯಾಕೆಟ್ ಕಳ್ಸಿದ್ರೂ ಮೊದಲ್ನೇ ರೂಪಾಯಿಂದ್ಲೇ ರಿಜಿಸ್ಟ್ರೇಷನ್ ಕಡ್ಡಾಯ. ಇನ್ನೂ ಬೇಜಾರಾಗೋದು ಏನಂದ್ರೆ, ಕಂಪ್ಯೂಟರ್ ಮುಂದೆ ಕೂತು ಮುಂಬೈ ಪಾರ್ಟಿಗೆ ಡಿಸೈನ್ ಮಾಡಿಕೊಡೋನಿಗೆ 20 ಲಕ್ಷದ ತನಕ ಈ ಕಡ್ಡಾಯ ಇಲ್ಲ, ಸರ್ವಿಸ್‌ಗೆ ಕೊಟ್ಟ ವಿನಾಯ್ತಿ ಸಾಮಾನು ಮಾರೋರಿಗಿಲ್ಲ. ರಿಜಿಸ್ಟ್ರೇಷನ್ ಆದ್ಮೇಲೆ ಆರ್ಡರ್ ಬರ್ಲಿ ಬಿಡ್ಲಿ ರಿಟರ್ನ್, ಅಂದ್ರೆ ಮಾರಾಟ ಟ್ಯಾಕ್ಸಿನ ಲೆಕ್ಕ, ಹಾಕ್ಲೇಬೇಕು, ವ್ಯಾಪಾರವೇ ಇಲ್ಲದ ತಿಂಗಳ ರಿಟರ್ನ್ ತಡವಾದ್ರೂ ದಿನಕ್ಕೆ 20 ರೂಪಾಯಿ ಲೇಟ್ ಫೀ. ನಾನು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋ ಕ್ಯೂಆರ್‌ಎಂಪಿ ಸ್ಕೀಮ್ ತಗೊಂಡೆ, ಆಡಿಟರ್ ಫೀಜು ಅರ್ಧಕ್ಕರ್ಧ ಉಳೀತು, ಸಣ್ಣೋರು ಇದನ್ನೇ ತಗೊಳ್ರಿ.

ಇನ್ನು ದುಡ್ಡು ಎಲ್ಲಿ ಸಿಕ್ಕಾಕೊಳ್ಳುತ್ತೆ ಅಂತ ಹೇಳ್ತೀನಿ, ಇದನ್ನ ಯಾರೂ ಬಿಡಿಸಿ ಹೇಳಲ್ಲ. ಮಂಡಕ್ಕಿ ತೂಕ ಇಲ್ಲ, ಜಾಗ ಜಾಸ್ತಿ ತಿನ್ನುತ್ತೆ. ಕೊರಿಯರ್‌ನೋರು ತಕ್ಕಡಿ ತೂಕ ನೋಡಲ್ಲ, ಡಬ್ಬದ ಉದ್ದ ಅಗಲ ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. ಅರ್ಧ ಕೆಜಿ ಮಂಡಕ್ಕಿ ಪುಡಿಯಾಗದಂಗೆ ಕೂರೋ 30, 20, 15ರ ಡಬ್ಬಕ್ಕೆ 1.8 ಕೆಜಿ ಲೆಕ್ಕ ಬೀಳುತ್ತೆ, ಆ ಚಾರ್ಜ್ ಮೇಲೆ 18% ಜಿಎಸ್‌ಟಿ. ನಮ್ಮ ಮಾಲು ಮಾರಿಕೊಡೋ ಆ್ಯಪ್‌ನೋರ ಕಮಿಷನ್ ಮೇಲೂ 18%. ಲೆಕ್ಕಕ್ಕೆ ಅಂತ ಹಿಡೀರಿ, 100 ರೂಪಾಯಿ ಮಾಲಿಗೆ ನಾನು ಗಿರಾಕಿ ಹತ್ರ ತಗೊಳೋ ಟ್ಯಾಕ್ಸು 5 ರೂಪಾಯಿ, ಕಮಿಷನ್ನು 15 ಕೊರಿಯರು 40 ಆದ್ರೆ ನಾನು ಅವ್ರಿಗೆ ಕೊಡೋ ಟ್ಯಾಕ್ಸೇ 9 ರೂಪಾಯಿ 90 ಪೈಸೆ. ಕ್ರೆಡಿಟ್ ಐತಲ್ಲ, ನಾವು ಕೊಟ್ಟ ಟ್ಯಾಕ್ಸನ್ನ ನಾವು ಕಟ್ಬೇಕಾದ ಟ್ಯಾಕ್ಸಲ್ಲಿ ಕಳ್ಕೋಬೋದಲ್ಲ ಅಂತೀರಾ, ಐತೆ, ಆದ್ರೆ ಉಳಿದ ಕ್ರೆಡಿಟ್ ರೀಫಂಡ್ ಕೇಳೋಕೆ ಹೋದ್ರೆ ಕಚ್ಚಾ ಮಾಲಿನ ಮೇಲೆ ಕಟ್ಟಿದ್ದಕ್ಕೆ ಮಾತ್ರ ಸಿಗುತ್ತೆ, ಸರ್ವಿಸ್ ಮೇಲೆ ಕಟ್ಟಿದ್ದಕ್ಕೆ ಸಿಗಲ್ಲ, 2021ರಲ್ಲಿ ಸುಪ್ರೀಂ ಕೋರ್ಟೇ ಆ ನಿಯಮ ಎತ್ತಿಹಿಡೀತು. ಹಂಗಾಗಿ ಆ ದುಡ್ಡು ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರೀ ಅಂಕಿಯಾಗಿ ಬೆಳೀತಾ ಹೋಗುತ್ತೆ, ಮಂಡಕ್ಕಿ ಹುರಿಯೋ ಭಟ್ಟಿಯವ್ರಿಗೆ ಮಾತ್ರ ನಾನು ವಾರವಾರ ಕ್ಯಾಶ್ ಕೊಡ್ಬೇಕು.

ಇದ್ರ ಜೊತೆಗೆ ಟಿಸಿಎಸ್. ನಮ್ಮ ಪೇಮೆಂಟಲ್ಲೇ ಆ್ಯಪ್‌ನೋರು 1% ಹಿಡ್ಕೊಂಡು ಸರ್ಕಾರಕ್ಕೆ ಕಟ್ತಿದ್ರು, 2024ರ ಜುಲೈ 10ರಿಂದ ಅದು 0.5% ಆಗೈತೆ. ಲಕ್ಷಕ್ಕೆ 500 ರೂಪಾಯಿ. ಅದು ನಮ್ದೇ ದುಡ್ಡು, ಆದ್ರೆ ತಾನಾಗೇ ಬರಲ್ಲ, ಪೋರ್ಟಲ್‌ಗೆ ಲಾಗಿನ್ ಆಗಿ ಟಿಡಿಎಸ್ ಟಿಸಿಎಸ್ ಕ್ರೆಡಿಟ್ ಅಂತ ಇರುತ್ತೆ, ಅಲ್ಲಿ ಹೋಗಿ ಅಕ್ಸೆಪ್ಟ್ ಒತ್ತಿ ಫೈಲ್ ಮಾಡಿದ್ರೇನೇ ಪೋರ್ಟಲ್‌ನಲ್ಲಿರೋ ನಮ್ಮ ಕ್ಯಾಶ್ ಲೆಡ್ಜರ್‌ಗೆ, ಅಂದ್ರೆ ಟ್ಯಾಕ್ಸ್ ಕಟ್ಟೋ ಖಾತೆಗೆ, ಬೀಳೋದು. ನಾನು ಪ್ರತಿ ತಿಂಗಳೂ ಮಾಡ್ತೀನಿ, ಗೊತ್ತಿಲ್ಲದೆ ಹಂಗೇ ಬಿಟ್ಟಿರೋರು ನಮ್ಮೂರಲ್ಲೇ ಎಷ್ಟೋ ಜನ ಅದಾರೆ. ಇನ್‌ಕಮ್ ಟ್ಯಾಕ್ಸ್ ಕಡೆ ಹಿಡಿಯೋ ಟಿಡಿಎಸ್ಸು 1% ಇದ್ದಿದ್ದು 2024ರ ಅಕ್ಟೋಬರ್‌ನಿಂದ 0.1% ಆಯ್ತು, ಅದೇನು ಅಷ್ಟು ಹೊರೆ ಅನ್ಸಲ್ಲ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ಕಟ್ರಿ ಅಂತ ನೋಟಿಸ್ ಬಂದಾಗ ನಮ್ಮ ಬೀದಿಲೂ ಸ್ಕ್ಯಾನರ್ ತೆಗೆದು ಒಳಗಿಟ್ರು. ಹಾವೇರಿ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಅಂತ ಸುದ್ದಿ ಬಂದ್ಮೇಲಂತೂ ಕೇಳ್ಲೇಬೇಡ್ರಿ. ಚೀಲದ ಮಂಡಕ್ಕಿ ಮಾರೋ ಅಕ್ಕ ಒಬ್ರು ಹೆದ್ರಿಕೊಂಡು ಬಂದಿದ್ರು, ಅಕ್ಕಾ ನೀವು ಮಾರೋದು ಟ್ಯಾಕ್ಸ್ ಇಲ್ಲದ ಮಾಲು, ಬರೀ ಅದನ್ನೇ ಮಾರಿದ್ರೆ 40 ಲಕ್ಷ ದಾಟಿದ್ರೂ ರಿಜಿಸ್ಟ್ರೇಷನ್ ಬೇಕಿಲ್ಲ, ಮಾಲು ತಂದ ಚೀಟಿ ಮಾತ್ರ ಜೋಪಾನ ಮಾಡ್ರಿ ಅಂದೆ. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವ್ರು ಹಳೇ ಬಾಕಿ ವಸೂಲಿ ಮಾಡಲ್ಲ ಅಂದ್ರು, ಆದ್ರೂ ಆ ಹೆದರಿಕೆ ಜನರಲ್ಲಿ ಉಳೀತು, ಡಿಜಿಟಲ್ ಡಿಜಿಟಲ್ ಅಂತ ಸ್ಕ್ಯಾನರ್ ಹಿಡಿಸಿ ಅದ್ರಲ್ಲೇ ನೋಟಿಸ್ ಕಳ್ಸಿದ್ರೆ ಯಾರು ನಂಬ್ತಾರೆ.

ಮಾರಾಟದ ಮೇಲಲ್ಲ, ಇಂಟರ್ನೆಟ್ ಬಳಸೋದಕ್ಕೇ ಬೇರೆ ಟ್ಯಾಕ್ಸ್ ಹಾಕ್ಬೇಕು ಅಂತ ಯಾರಾದ್ರೂ ಅಂದ್ರೆ ಅದನ್ನ ಮಾತ್ರ ನಾನು ಒಪ್ಪಲ್ಲ. ರೀಚಾರ್ಜ್ ಮೇಲೆ ಆಗ್ಲೇ 18% ಕಟ್ತಾ ಇದೀವಿ. ಉಗಾಂಡದಲ್ಲಿ 2018ರಲ್ಲಿ ವಾಟ್ಸಾಪ್ ಫೇಸ್‌ಬುಕ್ ಬಳಸೋಕೆ ದಿನಕ್ಕೆ 200 ಶಿಲಿಂಗ್ ಹಾಕಿದ್ರು, ನಡೀಲಿಲ್ಲ, 2021ರಲ್ಲಿ ತೆಗೆದು ಡೇಟಾ ಮೇಲೆ 12% ಮಾಡಿದ್ರು. ಹಂಗರಿಯಲ್ಲಿ 2014ರಲ್ಲಿ ಜನ ಬೀದಿಗಿಳಿದು ಇಂಥದ್ದೇ ಟ್ಯಾಕ್ಸ್ ವಾಪಸ್ ತಗೊಳೋ ಹಂಗೆ ಮಾಡಿದ್ರು. ಮಾರಾಟದ ಮೇಲೆ ಕೇಳ್ರಿ, ಕೊಡ್ತೀವಿ, ವ್ಯಾಪಾರ ಶುರು ಮಾಡೋಕೆ ಮುಂಚೆನೇ ಕೇಳಿದ್ರೆ ಹಳ್ಳಿ ಹೆಣ್ಮಕ್ಕಳು ಚಟ್ನಿಪುಡಿ ಫೋಟೋ ಹಾಕೋದನ್ನೇ ಬಿಡ್ತಾರೆ.

ಹೊಸದಾಗಿ ಶುರು ಮಾಡೋರಿಗೆ ಒಂದು ದಾರಿ ಐತೆ. 2023ರ ಅಕ್ಟೋಬರ್ 1ರಿಂದ, ನಮ್ಮ ರಾಜ್ಯದೊಳಗೆ ಮಾತ್ರ ಆ್ಯಪ್ ಮೂಲಕ ಮಾರೋದಾದ್ರೆ 40 ಲಕ್ಷದ ತನಕ ಜಿಎಸ್‌ಟಿ ನಂಬರ್ ಬೇಡ, ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ತಗೊಂಡ್ರೆ ಸಾಕು, ಟಿಸಿಎಸ್ಸೂ ಹಿಡಿಯಲ್ಲ. ಬೆಂಗಳೂರು ಒಂದ್ರಲ್ಲೇ ನಮ್ಮ ಕಡೆ ಜನ ಬೇಕಾದಷ್ಟು ಅದಾರೆ, ಮೊದ್ಲು ಅಲ್ಲಿಗೆ ಮಾರಿ ನೋಡ್ರಿ. ಆ ನಂಬರ್ ಇಟ್ಕೊಂಡು ಪರಿಚಯದೋರು ಅಂತ ಹೈದರಾಬಾದಿಗೆ ಒಂದು ಪಾರ್ಸಲ್ಲೂ ಕಳ್ಸಬೇಡ್ರಿ, ಕಳ್ಸೋದಾದ್ರೆ ಮೊದ್ಲು ರಿಜಿಸ್ಟ್ರೇಷನ್ ಮಾಡಿಸ್ರಿ.