47 ಕಾಫಿ ಬೀಜ, ಒಂದು ತಿರುವು

ನಮ್ಮದು ಕೊಡಗಿನ ಅಮ್ಮತ್ತಿ ಕಡೆ. ಊರವರೇ ಸೇರಿ ಹತ್ತು ಕಿಲೋಮೀಟರ್ ಓಟ ನಡೆಸೋಣ ಎಂದಾಗ ಮೊದಲ ಜಗಳ ತಾರೀಖಿಗೆ. ಜೂನ್‌ನಿಂದ ಮಳೆ, ಜಿಗಣೆ. ಮಳೆ ಬಿಟ್ಟರೆ ನಮ್ಮ ಸುಗ್ಗಿ ಹಬ್ಬ ಹುತ್ತರಿ, ಹುತ್ತರಿ ಮುಗಿದರೆ ರೊಬಸ್ಟಾ ಕಾಫಿ ಕೊಯ್ಲು. ತೋಟದವರಿಗೆ ಪುರುಸೊತ್ತು ಎಲ್ಲಿದೆ? ಕೊನೆಗೆ ಫೆಬ್ರವರಿಯ ಒಂದು ಭಾನುವಾರ ಹಿಡಿದೆವು.

ಓಟಗಾರರಿಗೆ ಬೆಳಗ್ಗೆ 6 ಗಂಟೆ ಬೇಕು. ಅರಣ್ಯ ಇಲಾಖೆಯ ವಾಚರ್ ಒಪ್ಪಲಿಲ್ಲ. ‘ಏಳಕ್ಕೆ ಮುಂಚೆ ಯಾರನ್ನೂ ಬಿಡ್ಬೇಡಿ ಅಣ್ಣಾ, ಆನೆ ತೋಟದಿಂದ ಕಾಡಿಗೆ ವಾಪಸ್ ಹೋಗೋ ಹೊತ್ತು’ ಎಂದರು. ಏಳರ ಮೇಲೆ ಕೊಯ್ಲಿನ ಆಳುಗಳ ಜೀಪುಗಳು ಶುರು. ಆನೆಗಿಂತ ಜೀಪೇ ವಾಸಿ ಅಂತ 7 ಗಂಟೆ ಮಾಡಿದೆವು. ಪೊಲೀಸ್ ಅನುಮತಿ, ಆಂಬುಲೆನ್ಸ್ ಸುಲಭವಾಗಿಯೇ ಸಿಕ್ಕಿತು.

ದಾರಿ ಅಳೆಯುವುದೇ ನನಗೆ ಖುಷಿ ಕೊಟ್ಟ ಕೆಲಸ. ಫೋನ್ ನಂಬಬೇಡಿ. ಸಿಲ್ವರ್ ಓಕ್ ನೆರಳಲ್ಲಿ ಜಿಪಿಎಸ್ ಗೆರೆ ಕುಡಿದವನ ಹಾಗೆ ಅತ್ತಿತ್ತ ಓಲಾಡುತ್ತದೆ, ದೂರ ಜಾಸ್ತಿ ತೋರಿಸುತ್ತದೆ. ನಾವು ಸ್ಟೀಲ್ ಟೇಪ್ ಹಿಡಿದು 300 ಮೀಟರ್ ಗುರುತು ಮಾಡಿ, ಅಲ್ಲಿ ಸೈಕಲ್ ಓಡಿಸಿ ನೋಡಿದೆವು. ಚಕ್ರದ ಒಂದು ಸುತ್ತಿಗೆ 2.10 ಮೀಟರ್. ಟೈರಿಗೆ ಕೆಂಪು ಬಟ್ಟೆ ಕಟ್ಟಿ ಭಾವ ಸುತ್ತು ಎಣಿಸಿದರು. ನೂರಾದಾಗಲೆಲ್ಲ ನಾನು ಒಂದು ಕಾಫಿ ಬೀಜ ಜೇಬಿಗೆ ಹಾಕಿಕೊಂಡೆ. ಫೋನ್ ಹತ್ತು ಕಿಲೋಮೀಟರ್ ಎಂದ ದಾರಿ ನಮ್ಮ ಲೆಕ್ಕಕ್ಕೆ 9,800 ಮೀಟರ್! ದಾರಿ ಕಡಿಮೆ ಬೀಳದಿರಲಿ ಅಂತ ಅಳತೆಯವರ ಪದ್ಧತಿಯಂತೆ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸಿ 10,010 ಮಾಡಬೇಕಿತ್ತು. ಹೋಗಿ ತಿರುಗಿ ಬರುವ ದಾರಿ, ಹಾಗಾಗಿ ತಿರುಗುವ ಜಾಗವನ್ನು 105 ಮೀಟರ್ ಮುಂದೆ ಇಟ್ಟೆವು. ಪೂರ್ತಿ ದಾರಿಗೆ 47 ಬೀಜ, ಮೇಲೆ 67 ಸುತ್ತು.

ಇಷ್ಟೆಲ್ಲ ಅಳೆದವರು ಪಿನ್ನು ಮರೆತೆವು. ಒಂದು ನಂಬರ್ ಚೀಟಿಗೆ ನಾಲ್ಕು ಪಿನ್ನು, 180 ಜನಕ್ಕೆ 720. ತಂದದ್ದು 500. ಮಕ್ಕಳು ಎರಡೇ ಪಿನ್ನಿನಲ್ಲಿ ಚೀಟಿ ಹಾರಿಸಿಕೊಂಡು ಓಡಿದವು. ಪ್ಲಾಸ್ಟಿಕ್ ಲೋಟ ಬೇಡವೆಂದು ಡ್ರಮ್ಮು, ಸ್ಟೀಲ್ ಲೋಟ ಇಟ್ಟಿದ್ದೆವು. ನಿಂತು ಕುಡಿಯಬೇಕಲ್ಲ ಎಂದು ಕೆಲವರು ಗೊಣಗಿದರು, ಕಿತ್ತಳೆ ತೊಳೆ ಕೊಟ್ಟ ಮೇಲೆ ಸುಮ್ಮನಾದರು.

ದೊಡ್ಡ ಎಡವಟ್ಟು ಎಂಟನೇ ಕಿಲೋಮೀಟರಿನದು. ತಿರುವಿನಲ್ಲಿ ನಿಲ್ಲಿಸಿದ್ದ ಹುಡುಗ ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ವಾಸನೆಗೆ ತಿಂಡಿ ಕಡೆ ನಡೆದುಬಿಟ್ಟ. ನಾಲ್ವರು ನೇರ ತೋಟದೊಳಗೆ ಓಡಿ, ಕಾಫಿ ಹರವಿದ್ದ ಕಣದಲ್ಲಿ ನಿಂತು ದಾರಿ ಕೇಳುತ್ತಿದ್ದರು. ಅದರಲ್ಲಿ ಇಬ್ಬರು ಅಲ್ಲೀತನಕ ಮುಂದಿದ್ದವರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಮರುವರ್ಷದಿಂದ ಆ ತಿರುವಿಗೆ ಸೇನೆಯಿಂದ ನಿವೃತ್ತರಾದ ನಮ್ಮ ಮಾವ, ಕೈಯಲ್ಲಿ ಸೀಟಿ. ಕೊನೆಯವನು ದಾಟುವವರೆಗೆ ಅವರಿಗೆ ಕಾಫಿ ಕೊಟ್ಟರೂ ಬೈಯುತ್ತಾರೆ.